ರೀಲ್ ಟೇಪ್ ಅಳಿಸೋಕೆ ಯಾವುದು ಒಳ್ಳೆಯದು: ಇರೇಸ್ ಹೆಡ್, ಬಲ್ಕ್ ಇರೇಸರ್ ಅಥವಾ ಆಯಸ್ಕಾಂತ?

ಹಳೆಯ ರೀಲ್ ಟೇಪನ್ನು ಅಳಿಸಿ ಮತ್ತೆ ರೆಕಾರ್ಡ್ ಮಾಡಲು ಈ ಮೂರನ್ನೂ ಬಳಸಿ ನೋಡಿದ್ದೇನೆ. ಪ್ರತಿ ಸಲವೂ ಹೆಡ್‌ಫೋನ್ ಹಾಕಿಕೊಂಡು ಖಾಲಿ ಟೇಪನ್ನೇ ಕೇಳಿದೆ. ಉಳಿದ ಸದ್ದು ಅಲ್ಲೇ ಸಿಕ್ಕಿಬೀಳುವುದು.

ಆಯಸ್ಕಾಂತ ಬೇಡವೇ ಬೇಡ. ಹಳೆಯ ದನಿ ಹೋಗುತ್ತದೆ, ನಿಜ. ಆದರೆ ಟೇಪಿನ ಮೇಲಿನ ಕಾಂತೀಯ ಕಣಗಳೆಲ್ಲ ಒಂದೇ ದಿಕ್ಕಿಗೆ ತಿರುಗಿ ಕೂತುಬಿಡುತ್ತವೆ. ಹಿಸ್, ಅಂದರೆ ಹಿನ್ನೆಲೆಯ ‘ಸ್ಸ್’ ಸದ್ದು, ಜಾಸ್ತಿ ಆಗುತ್ತದೆ, ಜೊತೆಗೆ ಗೊರಗೊರ ಸದ್ದು.

ರೆಕಾರ್ಡರಿನ ಇರೇಸ್ ಹೆಡ್ ಕೆಲಸ ಬೇರೆ ಥರ. ಸೆಕೆಂಡಿಗೆ ಹತ್ತಾರು ಸಾವಿರ ಸಲ ದಿಕ್ಕು ಬದಲಿಸುವ ಕಾಂತಕ್ಷೇತ್ರದ ಮುಂದೆ ಟೇಪ್ ಹಾದುಹೋಗುತ್ತದೆ. ದೂರ ಸರಿದಂತೆ ಕ್ಷೇತ್ರದ ಬಲ ಇಳಿಯುತ್ತದೆ, ಕಣಗಳು ದಿಕ್ಕಾಪಾಲಾಗುತ್ತವೆ. ಆಯಸ್ಕಾಂತಕ್ಕೆ ಹೋಲಿಸಿದರೆ ಇಲ್ಲಿ ಹಿಸ್ ಎಷ್ಟೋ ಕಡಿಮೆ. ತೊಂದರೆ ಇರುವುದು ಅಗಲದಲ್ಲಿ. ಅದು ಅಳಿಸುವುದು ತನ್ನ ಟ್ರ್ಯಾಕನ್ನು, ಅಂದರೆ ಟೇಪಿನ ಅಗಲದಲ್ಲಿ ತನ್ನ ಪಾಲಿನ ಪಟ್ಟಿಯನ್ನು ಮಾತ್ರ. ಅಗಲವನ್ನು ಎರಡು ಪಾಲು ಮಾಡಿದರೆ ಹಾಫ್ ಟ್ರ್ಯಾಕ್, ನಾಲ್ಕು ಮಾಡಿದರೆ ಕ್ವಾರ್ಟರ್ ಟ್ರ್ಯಾಕ್. ಹಾಫ್ ಟ್ರ್ಯಾಕಿನಲ್ಲಿ ತುಂಬಿದ ಟೇಪಿಗೆ ಕ್ವಾರ್ಟರ್ ಟ್ರ್ಯಾಕ್ ಯಂತ್ರದಲ್ಲಿ ರೆಕಾರ್ಡ್ ಮಾಡಿದರೆ ನಡುವಿನ ಪಟ್ಟಿಗಳಲ್ಲಿ ಹಳೆಯದು ಹಾಗೇ ಉಳಿಯುತ್ತದೆ. ಹಾಫ್ ಟ್ರ್ಯಾಕ್ ಯಂತ್ರಕ್ಕೆ ಹಾಕಿ ಕೇಳಿ, ಹೊಸ ಹಾಡಿನ ಹಿಂದೆ ಹಳೆಯ ಮಾತು ಕೇಳಿಸುತ್ತದೆ. ಸುಮ್ನೆ ಅಳಿಸಲು ಸಮಯವೂ ಜಾಸ್ತಿ: 1200 ಅಡಿಯ ಟೇಪಿಗೆ ಸೆಕೆಂಡಿಗೆ 19 ಸೆಂ.ಮೀ. ವೇಗದಲ್ಲಿ ಒಂದು ಕಡೆಗೇ ಸುಮಾರು 32 ನಿಮಿಷ.

ಬಲ್ಕ್ ಇರೇಸರ್ ಇಡೀ ಅಗಲವನ್ನು ಒಂದೇ ಸಲ, ಒಂದೆರಡು ನಿಮಿಷದಲ್ಲಿ ಮುಗಿಸುತ್ತದೆ. ಇದು ಮನೆಯ ಕರೆಂಟಿನಲ್ಲೇ ನಡೆಯುವ ದೊಡ್ಡ ಕಾಯಿಲ್. ನನಗೆ ಇಷ್ಟವಾದದ್ದು ಇದೇ. ಆದರೆ ಇಲ್ಲಿ ಬಲ ಇಳಿಸುವ ಕೆಲಸ ನಮ್ಮ ಕೈಯದು. ರೀಲನ್ನು ಒಂದು ಮೀಟರ್ ದೂರ ಹಿಡಿದು ಸ್ವಿಚ್ ಹಾಕಿ. ನಿಧಾನವಾಗಿ ಹತ್ತಿರ ತಂದು ಸುತ್ತಿಸಿ. ಮಗುಚಿ ಇನ್ನೊಂದು ಕಡೆಯೂ ಹಾಗೇ ಮಾಡಿ. ಅಷ್ಟೇ ನಿಧಾನವಾಗಿ ಮತ್ತೆ ದೂರ ಒಯ್ದ ಮೇಲೆಯೇ ಆಫ್ ಮಾಡಿ. ಹತ್ತಿರದಲ್ಲೇ ಆಫ್ ಮಾಡಿದರೆ, ಇಲ್ಲವೇ ರೀಲನ್ನು ಸರಕ್ಕನೆ ಎಳೆದರೆ, ಆ ಕ್ಷಣದ ಗುರುತು ಎಲ್ಲ ಸುತ್ತುಗಳಿಗೂ ಬೀಳುತ್ತದೆ. ಆಮೇಲೆ ರೀಲಿನ ಪ್ರತಿ ಸುತ್ತಿಗೂ ಒಂದು ‘ಧುಪ್’. 7 ಇಂಚಿನ ರೀಲಿನ ಹೊರಸುತ್ತಿನಲ್ಲಿ ಅದೇ 19 ಸೆಂ.ಮೀ. ವೇಗಕ್ಕೆ ಸುಮಾರು 3 ಸೆಕೆಂಡಿಗೊಮ್ಮೆ ಬರುತ್ತದೆ, ಒಳಗೆ ಹೋದಂತೆ ಬೇಗ ಬೇಗ. ಆ ಲಯ ಕೇಳಿಸಿದರೆ ಮತ್ತೆ ಮೊದಲಿನಿಂದ ಅಳಿಸಬೇಕು. ಕಾಯಿಲ್ ಬೇಗ ಬಿಸಿಯಾಗುತ್ತದೆ, ನಡುವೆ ಬಿಡುವು ಕೊಡಿ. ಬೇರೆ ಟೇಪುಗಳು, ಬ್ಯಾಂಕ್ ಕಾರ್ಡು ಹತ್ತಿರ ಇರಬಾರದು. ಪೇಸ್‌ಮೇಕರ್ ಇರುವವರು ಇದನ್ನು ಮುಟ್ಟಲೇಬಾರದು.

ಇಷ್ಟು ಬೇಗ ಅಳಿಸುವ ಸಾಧನ ಕೈಯಲ್ಲಿದ್ದಾಗ ಟೇಪನ್ನು ಮೊದಲು ಪೂರ್ತಿ ಕೇಳಿಬಿಡಿ. ಅಪೋಲೋ 11ರ ಚಂದ್ರನ ಮೂಲ ದೃಶ್ಯಗಳಿದ್ದ ಟೇಪುಗಳು ಅಳಿಸಿ ಮರುಬಳಕೆ ಆಗಿರಬೇಕೆಂದು 2009ರಲ್ಲಿ ನಾಸಾ ಹೇಳಬೇಕಾಯಿತು. ಎಷ್ಟು ಬೇಸರದ ಸಂಗತಿ ಅಲ್ವಾ?

ನಾನು ಈಗ ಮೊದಲು ಬಲ್ಕ್ ಇರೇಸರ್ ಹಿಡಿಯುತ್ತೇನೆ. ಆಮೇಲೆ ಇರೇಸ್ ಹೆಡ್ ಇರುವ ಯಂತ್ರದಲ್ಲೇ ರೆಕಾರ್ಡ್ ಮಾಡುತ್ತೇನೆ. ಹೆಡ್ಡಿಗೆ ಕಂದು ಅಂಟು ಮೆತ್ತುವ ಟೇಪಾದರೆ ಅಳಿಸಿ ಉಪಯೋಗವಿಲ್ಲ. ಅಲ್ಲಿ ಕೆಟ್ಟಿರುವುದು ಕಣಗಳನ್ನು ಹಿಡಿದಿಡುವ ಅಂಟು. ಅಂಥದ್ದಕ್ಕೆ ನಾನು ಹೊಸದೇನೂ ತುಂಬುವುದಿಲ್ಲ.