ಡ್ಯಾಫ್ನೆ: ಕಡ್ಡಿ ನೆಡಬೇಕಾ, ಕೊಂಬೆ ಬಗ್ಗಿಸಬೇಕಾ?

ಡ್ಯಾಫ್ನೆ ಪರಿಮಳದ ಹೂ ಬಿಡುವ ಪೊದೆಗಿಡ. ಅದರಿಂದ ಒಂದೆರಡು ಹೊಸ ಗಿಡ ಸಾಕು ಅಂದ್ರೆ ಕೊಂಬೆ ಬಗ್ಗಿಸುವುದೇ ನನ್ನ ಆಯ್ಕೆ. ನೆಲಕ್ಕೆ ತಾಗುವ ಕೊಂಬೆಯ ತೊಗಟೆಯನ್ನು ಸ್ವಲ್ಪ ಗೀರಿ, ಆ ಭಾಗವನ್ನು ಮಣ್ಣಲ್ಲಿ ಹೂತು, ಮೇಲೊಂದು ಕಲ್ಲಿಡಿ. ಬೇರು ಬಿಡಲು ವರ್ಷವೇ ಹಿಡಿಯಬಹುದು. ಆದರೆ ತಾಯಿಗಿಡ ಸಾಕುತ್ತಲೇ ಇರುತ್ತದೆ, ಸಾಯುವ ಭಯ ಕಡಿಮೆ.

ಜಾಸ್ತಿ ಗಿಡ ಬೇಕಾದರೆ ಕಡ್ಡಿಯೇ ದಾರಿ. ಬೇಸಿಗೆಯಲ್ಲಿ ಬುಡ ಅರ್ಧ ಬಲಿತ 8–10 ಸೆಂ.ಮೀ. ಕಡ್ಡಿಗಳನ್ನು ಮರಳು ಬೆರೆಸಿದ ಸಡಿಲ ಮಣ್ಣಿಗೆ ಚುಚ್ಚಿ, ನೆರಳಲ್ಲಿಡಿ. ನೀರು ಹೆಚ್ಚಾದರೆ ಕೊಳೆಯುತ್ತವೆ. ಎಲ್ಲವೂ ಬದುಕುವುದಿಲ್ಲ, ನಾಲ್ಕೈದು ಹೆಚ್ಚೇ ನೆಡಿ.

ವೈರಸ್ ತಗುಲಿದ ಗಿಡದಿಂದ ಎರಡೂ ಬೇಡ, ರೋಗ ಮರಿಗೂ ಬರುತ್ತದೆ. (ಕೆಲವು ತಳಿಗಳ ಎಲೆಯಂಚಿನ ಹಳದಿ ರೋಗವಲ್ಲ, ಅಂದ ಅಷ್ಟೇ!) ಗಿಡವೆಲ್ಲ ವಿಷ, ರಸ ತಾಗಿದರೆ ಚರ್ಮ ಉರಿಯುತ್ತದೆ. ಕೈಗವಸು ಹಾಕಿಕೊಳ್ಳಿ.