ದಿ ಟ್ಯೂಡರ್ಸ್ ನೋಡೋದಾ, ವುಲ್ಫ್ ಹಾಲ್ ನೋಡೋದಾ?

ಎರಡೂ ಟಿವಿ ಧಾರಾವಾಹಿಗಳಲ್ಲಿ ರಾಜ ಒಬ್ಬನೇ: ಇಂಗ್ಲೆಂಡಿನ ಎಂಟನೇ ಹೆನ್ರಿ. ರಾಣಿ ಕ್ಯಾಥರೀನಳನ್ನು ಬಿಟ್ಟು ಆನ್ ಬೊಲಿನ್‌ಳನ್ನು ಮದುವೆಯಾದವನು, 1536ರಲ್ಲಿ ಅವಳ ತಲೆಯನ್ನೂ ತೆಗೆಸಿದವನು.

‘ದಿ ಟ್ಯೂಡರ್ಸ್’ (2007–10) 38 ಕಂತು. ಮೋಹ, ಮತ್ಸರ, ಮಸಲತ್ತು. ಒಂದು ಕಂತು ಮುಗಿದರೆ ಇನ್ನೊಂದು ಬೇಕೆನಿಸುತ್ತದೆ. ಆರೂ ರಾಣಿಯರು ಬಂದುಹೋಗುತ್ತಾರೆ. ಇತಿಹಾಸದ ಗಂಟು ಮಾತ್ರ ಸಡಿಲ: ಹೆನ್ರಿಯ ಇಬ್ಬರು ಸೋದರಿಯರನ್ನು ಒಬ್ಬಳನ್ನಾಗಿ ಮಾಡಿ ಪೋರ್ಚುಗಲ್ ದೊರೆಗೆ ಕೊಟ್ಟುಬಿಟ್ಟಿದ್ದಾರೆ! ಹಸಿಬಿಸಿ ದೃಶ್ಯಗಳು ಧಾರಾಳ, ಮನೆಮಂದಿಯ ಜೊತೆ ಕೂತು ನೋಡುವಂಥದ್ದಲ್ಲ.

ಬಿಬಿಸಿಯ ‘ವುಲ್ಫ್ ಹಾಲ್’ (2015) ಆರೇ ಕಂತು. 2024ರಲ್ಲಿ ಇನ್ನಾರು ಬಂದವು. ಇಲ್ಲಿ ಕಥೆ ನಡೆಯುವುದು ರಾಜನ ಸುತ್ತ ಅಲ್ಲ, ಕಮ್ಮಾರನ ಮಗನಾಗಿ ಹುಟ್ಟಿ ಮಂತ್ರಿಯಾದ ಥಾಮಸ್ ಕ್ರಾಮ್‌ವೆಲ್‌ನ ಸುತ್ತ. ಆ ಪಾತ್ರದ ಮಾರ್ಕ್ ರೈಲನ್ಸ್ ಆಡುವ ಮಾತು ಕಡಿಮೆ. ಸುಮ್ಮನೆ ನಿಂತು ನೋಡುತ್ತಲೇ ಎದುರಿನವರನ್ನು ಅಳೆದುಬಿಡುತ್ತಾರೆ. ರಾತ್ರಿಯ ದೃಶ್ಯಗಳನ್ನು ಮೇಣದಬತ್ತಿಯ ಬೆಳಕಿನಲ್ಲೇ ಚಿತ್ರಿಸಿದ್ದಾರೆ, ಮೊಬೈಲಿನಲ್ಲಿ ನೋಡಿದರೆ ಬರೀ ಕತ್ತಲೆ. ಹೆಸರುಗಳದ್ದೂ ಗೋಜಲು, ಅರ್ಧ ಆಸ್ಥಾನವೇ ಥಾಮಸ್!

ನನ್ನ ಓಟು ‘ವುಲ್ಫ್ ಹಾಲ್‌’ಗೆ. ದಿನವಿಡೀ ದುಡಿದು ಬಂದು, ತಲೆ ಕೆಡಿಸಿಕೊಳ್ಳದೆ ನೋಡುವ ಆಸೆಯಿದ್ದರೆ ‘ಟ್ಯೂಡರ್ಸ್’ ಹಾಕಿಕೊಳ್ಳಿ.