ಬಾಡಿಗೆ ಮನೆ ನೋಡಿಕೊಳ್ಳೋಕೆ ಯಾರಿಗೆ ಕೊಡಬೇಕು? ಎರಡು ಕಡೆ ಕೊಟ್ಟು ನೋಡಿದ ಅನುಭವ

ನಾವಿರುವುದು ದುಬೈನಲ್ಲಿ, ಮನೆ ಇರುವುದು ಬೆಂಗಳೂರಿನ ಜೆ.ಪಿ. ನಗರದಲ್ಲಿ. ಎರಡು ಬೆಡ್‌ರೂಮಿನ ಫ್ಲ್ಯಾಟ್, ಬಾಡಿಗೆ 28,000. ಮೊದಲು ಅಪ್ಪನೇ ಮೈಸೂರಿನಿಂದ ಹೋಗಿ ಬಂದು ನೋಡಿಕೊಳ್ಳುತ್ತಿದ್ದರು. ಮಂಡಿ ನೋವು ಜಾಸ್ತಿಯಾದ ಮೇಲೆ ಒಂದು ಕಂಪನಿಗೆ ಒಪ್ಪಿಸಿದೆವು.

ಅವರ ಆ್ಯಪ್ ತುಂಬಾ ಚೆನ್ನಾಗಿತ್ತು. ಹನ್ನೆರಡೇ ದಿನದಲ್ಲಿ ಬಾಡಿಗೆಗೆ ಜನ ತಂದರು, ಖುಷಿಯಾಯಿತು. ಆದರೆ ಬಾಡಿಗೆ ಮೊದಲು ಅವರ ಖಾತೆಗೆ ಹೋಗುತ್ತಿತ್ತು, ಆಮೇಲೆ ನಮಗೆ. ಶುರುವಿನಲ್ಲಿ 10ನೇ ತಾರೀಕು ಬರುತ್ತಿದ್ದದ್ದು ಬರಬರುತ್ತಾ 18, 20 ಆಯಿತು. ಒಂದೂವರೆ ಲಕ್ಷ ಅಡ್ವಾನ್ಸ್ ಕೂಡ ಅವರ ಹತ್ತಿರವೇ ಇತ್ತು. ಬಾಡಿಗೆದಾರರು ಖಾಲಿ ಮಾಡಿದಾಗ ಪೇಂಟಿಂಗ್‌ಗೆ ಅಂತ ಒಂದು ತಿಂಗಳ ಬಾಡಿಗೆ, ರಿಪೇರಿಗೆ ಅಂತ 11,000 ಮುರಿದುಕೊಂಡರು. ಆ ಬಾಡಿಗೆದಾರರು ಕರಾರು ಪತ್ರದಲ್ಲಿದ್ದ ನನ್ನ ನಂಬರ್ ಹುಡುಕಿ ಫೋನ್ ಮಾಡಿ, "ಯಾವ ರಿಪೇರಿ ಸಾರ್, ಬಿಲ್ಲಾದ್ರೂ ತೋರಿಸಿ" ಅಂದರು. ಕೇಳಿದರೆ ಬಿಲ್ಲೇ ಇಲ್ಲ. ಕೊನೆಗೆ ಆ ದುಡ್ಡು ನಾನೇ ಕೊಟ್ಟೆ. ಅಪ್ಪ ಆ ನೋವಿನಲ್ಲೇ ಬಸ್ ಹತ್ತಿ ಹೋಗಿ ನೋಡಿದರೆ ಗೋಡೆಗೆ ಬಣ್ಣವೂ ಬಳಿದಿರಲಿಲ್ಲ, ಮೇಲಿನ ಮನೆಯಿಂದ ನೀರು ಇಳಿದು ಬಾತ್‌ರೂಮಿನ ತಾರಸಿ ಕಪ್ಪಾಗಿ ಉದುರುತ್ತಿತ್ತು. ಅಂದರೆ ತಿಂಗಳುಗಟ್ಟಲೆ ಯಾರೂ ಒಳಗೆ ಕಾಲಿಟ್ಟೇ ಇಲ್ಲ. ಅಪ್ಪ ಸಾಲ ತೀರಿಸಲು ಸಹಾಯ ಮಾಡಿದ ಮನೆ ಅದು, ನನಗೆ ತುಂಬಾ ನೋವಾಯಿತು.

ಈಗ ಒಂದೂವರೆ ವರ್ಷದಿಂದ ಮನೆ ನೋಡಿಕೊಳ್ಳುತ್ತಿರುವವರು ಒಬ್ಬ ಮೇಡಂ, ಜೊತೆಗೆ ಇಬ್ಬರು ಹುಡುಗರು. ಬಾಡಿಗೆಯ ಶೇ 7 ತೆಗೆದುಕೊಳ್ಳುತ್ತಾರೆ, ಹೊಸ ಬಾಡಿಗೆದಾರರನ್ನು ತಂದರೆ ಅರ್ಧ ತಿಂಗಳ ಬಾಡಿಗೆ. ಬಾಡಿಗೆ, ಅಡ್ವಾನ್ಸ್ ಎರಡೂ ನೇರ ನನ್ನ ಎನ್‌ಆರ್‌ಒ ಖಾತೆಗೆ (ಅನಿವಾಸಿಗಳು ಭಾರತದ ಆದಾಯಕ್ಕೆ ಇಟ್ಟುಕೊಳ್ಳುವ ಬ್ಯಾಂಕ್ ಖಾತೆ) ಬರುತ್ತವೆ. ಇದೊಂದಕ್ಕೆ ಒಪ್ಪದವರಿಗೆ ದಯವಿಟ್ಟು ಮನೆ ಕೊಡಬೇಡಿ.

ಮೇಡಂ ಮೊದಲ ದಿನವೇ ಕೇಳಿದ್ದು, "ಸಾರ್, ಟಿಡಿಎಸ್ ಹಿಡೀತಿದ್ದಾರಾ?" ಅಂತ. ಹಿಂದಿನವರು ಎರಡು ವರ್ಷದಲ್ಲಿ ಈ ಮಾತೇ ಎತ್ತಿರಲಿಲ್ಲ. ಮಾಲೀಕರು ಅನಿವಾಸಿಗಳಾದರೆ ಬಾಡಿಗೆದಾರರು ಬಾಡಿಗೆಯಲ್ಲಿ ಶೇ 31.2 ಆದಾಯ ತೆರಿಗೆ ಅಂತ ಹಿಡಿದು ಸರ್ಕಾರಕ್ಕೆ ಕಟ್ಟಬೇಕು, ಅದೇ ಟಿಡಿಎಸ್. ನಮ್ಮ 28,000ಕ್ಕೆ ಅದು 8,736. ತಿಂಗಳಿಗೆ 50,000 ದಾಟಿದರೆ ಮಾತ್ರ ಅನ್ನುವುದು ಭಾರತದಲ್ಲೇ ಇರುವ ಮಾಲೀಕರ ಲೆಕ್ಕ, ತುಂಬಾ ಜನ ಇಲ್ಲೇ ಎಡವುತ್ತಾರೆ. ರಿಟರ್ನ್ ಹಾಕಿ, ಜಾಸ್ತಿ ಹೋಗಿದ್ದನ್ನು ವಾಪಸ್ ಪಡೆಯಬಹುದು. ಕಡಿಮೆ ಹಿಡಿಯಲು ಆದಾಯ ತೆರಿಗೆ ಇಲಾಖೆಯಿಂದ ಮೊದಲೇ ಸರ್ಟಿಫಿಕೇಟ್ ತರಲೂಬಹುದು. ಬಾಡಿಗೆದಾರರಿಗೆ ಈ ತೆರಿಗೆ ಹಿಡಿದು ಕಟ್ಟಲು ಬೇಕಾದ ಟ್ಯಾನ್ ನಂಬರ್ ಮಾಡಿಸಿ, ಆಡಿಟರನ್ನೂ ಮೇಡಂ ಗೊತ್ತು ಮಾಡಿಕೊಟ್ಟರು.

ಆಸ್ತಿ ತೆರಿಗೆಯಲ್ಲೂ ಹಾಗೆಯೇ. ನಮ್ಮ ಮನೆ ದಾಖಲೆಯಲ್ಲಿ ಇನ್ನೂ ಸ್ವಂತ ವಾಸ ಅಂತಲೇ ಇತ್ತು. ಬಾಡಿಗೆಗೆ ಕೊಟ್ಟ ಮನೆಗೆ ದರ ಜಾಸ್ತಿ, ತಪ್ಪು ತೋರಿಸಿದವರಿಗೆ ನೋಟಿಸ್ ಬಂದಿದೆ. ಅದನ್ನೂ ಸರಿ ಮಾಡಿಸಿದರು.

ಮೂರು ತಿಂಗಳಿಗೊಮ್ಮೆ ಮನೆಯೊಳಗೆ ಹೋಗಿ ಸಿಂಕಿನ ಕೆಳಗೆ, ಬಾತ್‌ರೂಮಿನ ಮೂಲೆ, ಬಾಲ್ಕನಿ ಎಲ್ಲ ವಿಡಿಯೋ ಮಾಡಿ ಕಳಿಸುತ್ತಾರೆ. ಬೆಸ್ಕಾಂ ಬಿಲ್, ಅಸೋಸಿಯೇಷನ್ ಮೆಂಟೇನೆನ್ಸ್ ಕಟ್ಟಿದ ರಸೀದಿ ವಾಟ್ಸಾಪಿಗೆ ಬರುತ್ತದೆ. ಹಿಂದಿನವರು ಜನರಲ್ ಪವರ್ ಆಫ್ ಅಟಾರ್ನಿ, ಅಂದರೆ ನಮ್ಮ ಪರವಾಗಿ ಎಲ್ಲ ವ್ಯವಹಾರ ಮಾಡುವ ಅಧಿಕಾರ ಪತ್ರ ಕೇಳಿದ್ದರು, ಅದನ್ನು ಮಾತ್ರ ಯಾರಿಗೂ ಕೊಡಬೇಡಿ. ಇವರು ಕೇಳಿದ್ದು 11 ತಿಂಗಳ ಕರಾರಿಗೆ ಸಹಿ ಹಾಕಲು, ಪೊಲೀಸ್ ವೆರಿಫಿಕೇಷನ್ ಮಾಡಿಸಲು ಎಷ್ಟು ಬೇಕೋ ಅಷ್ಟೇ ಅಧಿಕಾರ.

ಕೊರತೆ ಇಲ್ಲ ಅಂತಲ್ಲ. ಪ್ಲಂಬರ್ ಕೂಲಿ ಸ್ವಲ್ಪ ಜಾಸ್ತಿ ಅನಿಸುತ್ತದೆ, ಭಾನುವಾರ ಫೋನ್ ಎತ್ತುವುದಿಲ್ಲ. ಆದರೆ ಬಿಲ್ ಇಲ್ಲದೆ ಒಂದು ರೂಪಾಯಿ ಕೇಳಿಲ್ಲ. ವೈಟ್‌ಫೀಲ್ಡಿನಲ್ಲಿ ಮನೆ ಇರುವ ಸ್ನೇಹಿತನಿಗೆ ಇವರನ್ನು ಹೇಳಿದ್ದೆ, "ಅಷ್ಟು ದೂರ ಆಗಲ್ಲ ಸಾರ್, ಪೈಪ್ ಒಡೆದರೆ ನಾವು ಹೋಗಿ ತಲುಪೋದು ಯಾವಾಗ" ಅಂತ ಬೇಡ ಅಂದರು. ಜೆ.ಪಿ. ನಗರ, ಬನಶಂಕರಿ, ಕೋಣನಕುಂಟೆ ಕಡೆಯ ಮನೆ ಮಾತ್ರ ತೆಗೆದುಕೊಳ್ಳುತ್ತಾರೆ.